ದಿಂಬಂ ಘಾಟಿ ಇಳಿಯುವವರಿಗೆ: ಚಾಮರಾಜನಗರದಿಂದ ಸತ್ಯಮಂಗಲದವರೆಗೆ ಒಂದು ಹಗಲಿನ ದಾರಿ

ಮಳೆ ಬಿದ್ದು ಬೆಟ್ಟ ಹಸಿರಾಗುತ್ತಿದ್ದಂತೆ ಓದುಗರಿಂದ ಅವೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. ದಿಂಬಂ ರಸ್ತೆ ಸಣ್ಣ ಕಾರಿಗೆ ಆಗುತ್ತದಾ? ರಾತ್ರಿ ಗೇಟು ಹಾಕುತ್ತಾರಾ? ಆನೆ ಅಡ್ಡ ಬಂದರೆ ಏನು ಮಾಡಬೇಕು? ಘಾಟಿಯಲ್ಲಿ ಫೋಟೊ ತೆಗೆಯಲು ಒಳ್ಳೆಯ ಜಾಗ ಎಲ್ಲಿದೆ? ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಒಟ್ಟಿಗೆ ಹೇಳುತ್ತೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಘಾಟಿಯಲ್ಲಿ ನಿಲ್ಲಬೇಡಿ. ಈ ದಾರಿಯಲ್ಲಿ ನೋಡಬೇಕಾದದ್ದು ಬೇಕಾದಷ್ಟಿದೆ, ಆದರೆ ಅದಕ್ಕೆ ನಿಲ್ಲುವ ಜಾಗಗಳು ಬೇರೆ ಇವೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎನ್ನುವುದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಘಾಟಿಯ ಮೇಲೆ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ನಮಗೆ ಇದು ಕಚೇರಿ ಕೆಲಸಕ್ಕೆ, ದೊಡ್ಡಾಸ್ಪತ್ರೆಗೆ, ವ್ಯಾಪಾರಕ್ಕೆ ಇಳಿದು ಹತ್ತುವ ದಾರಿ. ನಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಲು ಈ ಘಾಟಿಯನ್ನೇ ಇಳಿಯಬೇಕು. ಹೊರಗಿನಿಂದ ಬಂದವರ ಒಂದು ಕಾರು ತಿರುವಿನಲ್ಲಿ ತಪ್ಪಾಗಿ ನಿಂತರೆ ಮೇಲೆ ಕೆಳಗೆ ಎರಡೂ ಕಡೆ ಬಸ್ಸುಗಳು ಗಂಟೆಗಟ್ಟಲೆ ನಿಲ್ಲುತ್ತವೆ, ಅದರಲ್ಲಿ ಆಂಬುಲೆನ್ಸೂ ಇರಬಹುದು.

ದಾರಿಯ ಅಂದಾಜು

ಇದು ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948. ಹಳಬರು ಈಗಲೂ 209 ಎಂದೇ ಕರೆಯುತ್ತಾರೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಸುಮಾರು 70 ಕಿಲೋಮೀಟರು. ದೂರ ನೋಡಿ ಒಂದೂವರೆ ಗಂಟೆ ಎಂದು ಲೆಕ್ಕ ಹಾಕಬೇಡಿ. ನಿಲ್ಲದೆ ಹೋದರೂ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಲ್ಲಿ ಇಳಿದು ನೋಡುತ್ತಾ ಹೋಗುವುದಾದರೆ ಬೆಳಗಿನಿಂದ ಸಂಜೆಯವರೆಗಿನ ಹಗಲು ಪೂರ್ತಿ ಬೇಕು.

ಪುಣಜನೂರಿನ ಹತ್ತಿರ ಕಾಡು ಶುರುವಾಗುತ್ತದೆ. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಅರಣ್ಯ ದಾಟಿದರೆ ತಮಿಳುನಾಡಿನ ಸತ್ಯಮಂಗಲ ಹುಲಿ ಮೀಸಲು. ಇದು 2008ರಲ್ಲಿ ವನ್ಯಜೀವಿಧಾಮವಾಗಿ, 2013ರಲ್ಲಿ ಹುಲಿ ಮೀಸಲಾಯಿತು. ವಿಸ್ತಾರ 1,400 ಚದರ ಕಿಲೋಮೀಟರಿಗೂ ಹೆಚ್ಚು. ಹುಲಿಗಳ ಸಂಖ್ಯೆ ಎರಡು ಪಟ್ಟಾಗಿದ್ದಕ್ಕೆ 2022ರಲ್ಲಿ ಟಿಎಕ್ಸ್2 ಎಂಬ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂತು. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೂಡುವ ಜಾಗ ಇದು. ಬಂಡೀಪುರ, ಮುದುಮಲೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಇಷ್ಟು ಕಾಡುಗಳ ನಡುವೆ ಆನೆಗಳು ಓಡಾಡುವುದು ಇಲ್ಲಿಂದಲೇ.

ಹೊರಡುವ ಮುಂಚೆ

ಹೊತ್ತು ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದ ಕಾರಣ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಘಾಟಿಯ ಬುಡದ ಬಣ್ಣಾರಿ ಮತ್ತು ರಾಜ್ಯದ ಗಡಿಯ ಕಾರಪಳ್ಳದ ನಡುವೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸರಕು ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಕಾರುಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಎಂದು ಅದು ಆರಂಭವಾಯಿತು. ಆಮೇಲೆ ಸ್ಥಳೀಯರಿಗೆ ಸಡಿಲಿಕೆ ಸಿಕ್ಕಿತು. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ನಿಯಮ ಏನೇ ಇರಲಿ, ನನ್ನ ಸಲಹೆ ಇಷ್ಟೇ: ಸಂಜೆ ಐದೂವರೆ ಹೊತ್ತಿಗೆ ನಿಮ್ಮ ಕಾರು ಕಾಡಿನಿಂದ ಆಚೆ ಇರಬೇಕು. ಗೇಟು ಹಾಕಲು ಇನ್ನೂ ಹೊತ್ತಿದೆ ಎಂದು ಏಳು ಗಂಟೆಗೆ ಘಾಟಿಗೆ ಕಾರು ಬಿಡುವವರು ನೋಡುವುದು ಕತ್ತಲೆಯನ್ನು, ಎದುರು ಲಾರಿಯ ದೀಪವನ್ನು, ಅಷ್ಟೇ. ಬೈಕಿನವರಂತೂ ನಾಲ್ಕು ಗಂಟೆಯ ಮೇಲೆ ಕಾಡಿಗೆ ಇಳಿಯಲೇಬಾರದು.

ತಿಂಗಳು ಯಾವುದು ಚೆನ್ನ? ಸೆಪ್ಟೆಂಬರಿನಿಂದ ಜನವರಿ. ಈ ಕಡೆಗೆ ಹಿಂಗಾರಿನ ಮಳೆಯೂ ಚೆನ್ನಾಗಿ ಬೀಳುವುದರಿಂದ ಅಕ್ಟೋಬರ್, ನವೆಂಬರಿನಲ್ಲಿ ಕಾಡು ತುಂಬಿಕೊಂಡಿರುತ್ತದೆ. ಆದರೆ ಜೋರು ಮಳೆಯ ದಿನ ಘಾಟಿಯಲ್ಲಿ ಮಣ್ಣು ಜರಿಯುವುದು, ಮರ ಬೀಳುವುದು ಇದ್ದೇ ಇದೆ. ಎರಡು ದಿನ ಬಿಡದೆ ಹುಯ್ದಿದ್ದರೆ ಪ್ರಯಾಣ ಮುಂದಕ್ಕೆ ಹಾಕಿ. ಫೆಬ್ರವರಿ ಕಳೆದ ಮೇಲೆ ಎಲೆಯುದುರಿದ ಕಾಡು, ಕಾಡ್ಗಿಚ್ಚಿನ ಭಯ, ನೀರಿಗಾಗಿ ಅಲೆಯುವ ಆನೆಗಳು. ಆಗ ಬಂದು ಬಿಸಿಲಷ್ಟೇ ಕಂಡು ಬೇಸರಪಟ್ಟುಕೊಂಡವರು ಇದ್ದಾರೆ.

ಕಾರಿನ ವಿಷಯ. ಸಣ್ಣ ಕಾರಿಗೆ ಏನೂ ತೊಂದರೆಯಿಲ್ಲ, ಇಂತಹ ತಿರುವುಗಳಲ್ಲಿ ಸಣ್ಣ ಕಾರೇ ಸಲೀಸು. ನೋಡಬೇಕಾದದ್ದು ಬ್ರೇಕು, ಟೈರು, ಕೂಲಂಟ್ ಈ ಮೂರು. ಕೂಲಂಟ್ ಎಂದರೆ ಎಂಜಿನ್ ತಂಪಾಗಿಡುವ ದ್ರವ. ಅದು ಕಡಿಮೆಯಿದ್ದರೆ ವಾಪಸ್ ಹತ್ತುವಾಗ ಕಾರು ಕಾದು ನಿಂತುಬಿಡುತ್ತದೆ. ಬ್ರೇಕ್ ಪ್ಯಾಡ್ ಸವೆದಿದೆ ಎಂದು ಮೆಕ್ಯಾನಿಕ್ ಹೇಳಿದ್ದರೆ ಬದಲಿಸಿಯೇ ಹೊರಡಿ, ಬಂದ ಮೇಲೆ ನೋಡಿಕೊಳ್ಳೋಣ ಎನ್ನಬೇಡಿ. ಪೆಟ್ರೋಲನ್ನು ಚಾಮರಾಜನಗರದಲ್ಲೇ ತುಂಬಿಸಿ. ಎಲೆಕ್ಟ್ರಿಕ್ ಕಾರಾದರೆ ಅಲ್ಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ, ನಡುವೆ ಕಾಡಿನಲ್ಲಿ ನಂಬುವಂಥದ್ದು ಏನೂ ಇಲ್ಲ.

ಜೊತೆಗಿರಲಿ: ಗಾಡಿ ಕಾಗದಪತ್ರ, ಚಿಲ್ಲರೆ ದುಡ್ಡು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಕೈಯಲ್ಲಿ ತಿನ್ನುವಂಥ ತಿಂಡಿ, ಟಾರ್ಚು. ಲಾರಿ ಕೆಟ್ಟು ನಿಂತರೆ ಘಾಟಿಯಲ್ಲಿ ಎರಡು ಮೂರು ಗಂಟೆ ಕೂರಬೇಕಾಗಬಹುದು, ಆಗ ನೀರು ತರಲು ಇಳಿಯುವ ಹಾಗಿಲ್ಲ. ಮೊಬೈಲ್ ಸಿಗ್ನಲ್ ಕಾಡಿನಲ್ಲಿ ಬಂದು ಹೋಗುತ್ತಿರುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2019ರ ಜನವರಿ 1ರಿಂದ ನಿಷೇಧವಿದೆ. ಕ್ಯಾರಿಬ್ಯಾಗು, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಮನೆಯಲ್ಲೇ ಬಿಡಿ. ಕರ್ನಾಟಕದ ಮದ್ಯವನ್ನು ಗಡಿ ದಾಟಿಸಲು ಹೋಗಬೇಡಿ, ಚೆಕ್ ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ.

ಹಂತ 1: ಚಾಮರಾಜನಗರ

ಬೆಳಿಗ್ಗೆ ಏಳರ ಹೊತ್ತಿಗೆ ಇಲ್ಲಿರುವಂತೆ ಹೊರಡಿ. ಮೈಸೂರಿನಿಂದ ಒಂದೂಕಾಲು ಗಂಟೆ ಸಾಕು, ಬೆಂಗಳೂರಿನವರು ಹಿಂದಿನ ರಾತ್ರಿಯೇ ಬಂದು ತಂಗುವುದು ಒಳ್ಳೆಯದು. ಅರಿಕುಠಾರ ಎಂಬ ಹಳೆಯ ಹೆಸರಿನ ಈ ಊರು ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರ ಜನ್ಮಸ್ಥಳ. ತಂದೆಯ ನೆನಪಿಗೆ ಮುಮ್ಮಡಿಯವರು ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನ ಊರ ನಡುವೆಯೇ ಇದೆ. ಅರ್ಧ ಗಂಟೆಯಲ್ಲಿ ನೋಡಿಕೊಂಡು, ತಿಂಡಿ ತಿಂದು, ಟ್ಯಾಂಕ್ ತುಂಬಿಸಿ ಹೊರಡಿ. ವಾಂತಿಯಾಗುವ ಅಭ್ಯಾಸ ಇರುವವರು ಇಡ್ಲಿಗೆ ನಿಲ್ಲಿಸಲಿ, ಮಸಾಲೆದೋಸೆ ವಾಪಸ್ ಬಂದಾಗ ಆಗಲಿ.

ಹಂತ 2: ತಾಳವಾಡಿಯ ಬಳಸು ದಾರಿ

ನೇರ ಹೆದ್ದಾರಿ ಹಿಡಿದರೆ ಪುಣಜನೂರು. ಇನ್ನೊಂದು ಗಂಟೆ ಹೊತ್ತಿದೆ ಎನ್ನುವವರು ದಕ್ಷಿಣಕ್ಕೆ ತಿರುಗಿ ಗಾಜನೂರು, ತಾಳವಾಡಿ ನೋಡಿಕೊಂಡು ಕಾರಪಳ್ಳದ ಬಳಿ ಮತ್ತೆ ಹೆದ್ದಾರಿಗೆ ಸೇರಬಹುದು. ನಾನು ಈ ಬಳಸನ್ನೇ ಹೇಳುತ್ತೇನೆ. ಕಾಡು ಎಲ್ಲಾದರೂ ಸಿಕ್ಕೀತು, ಗಡಿಯಾಚೆ ಹೀಗೆ ಬಾಳುವ ಕನ್ನಡವನ್ನು ನೋಡಲು ಇಲ್ಲಿಗೇ ಬರಬೇಕು.

ತಾಳವಾಡಿ ಬೆಟ್ಟದ ಮೇಲಿನ ಬಯಲು. ರಾಗಿ, ಅರಿಶಿನ, ಕಬ್ಬು, ಬಾಳೆ, ಎಲೆಕೋಸು ಬೆಳೆಯುವ ಊರುಗಳು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ಬೋರ್ಡುಗಳು ತಮಿಳಿನಲ್ಲಿವೆ, ಮಾತು ಕನ್ನಡ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆದ್ದರಿಂದ ದಾರಿ ಕೇಳಲು ಹಿಂಜರಿಯಬೇಡಿ. ಚಹಾ ಅಂಗಡಿಯಲ್ಲಿ ಕೂತ ಹಿರಿಯರನ್ನು "ಅಣ್ಣ, ಕಾರಪಳ್ಳಕ್ಕೆ ಯಾವ ದಾರಿ?" ಎಂದು ಕನ್ನಡದಲ್ಲೇ ಕೇಳಿ. ದಾರಿಯ ಜೊತೆಗೆ ನಿನ್ನೆ ರಾತ್ರಿ ಆನೆ ಯಾರ ತೋಟಕ್ಕೆ ಇಳಿದಿತ್ತು ಎನ್ನುವುದೂ ಗೊತ್ತಾಗುತ್ತದೆ.

ಗಾಜನೂರನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. 1929ರ ಏಪ್ರಿಲ್ 24ರಂದು ಹುಟ್ಟಿದ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದರು. ಅವರ ಹುಟ್ಟೂರು ಇದೇ. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇಲ್ಲಿಯ ತೋಟದ ಮನೆಯಿಂದಲೇ. 108 ದಿನ ಕಳೆದು ನವೆಂಬರ್ 15ಕ್ಕೆ ಬಿಡುಗಡೆಯಾಗುವವರೆಗೆ ಅವರನ್ನು ಇದೇ ಕಾಡುಗಳಲ್ಲಿ ಅಲೆಸಿದ್ದರು. ನೀವು ಮುಂದೆ ದಾಟಲಿರುವ ಬೆಟ್ಟಸಾಲನ್ನು ಆ ಲೆಕ್ಕದಲ್ಲೂ ಒಮ್ಮೆ ನೋಡಿ. ಊರಿಗೆ ಹೋದಾಗ ಮಾತ್ರ ಒಂದು ನೆನಪಿರಲಿ: ಇದು ಜನ ಬಾಳುತ್ತಿರುವ ಹಳ್ಳಿ. ಮನೆಯ ಮುಂದೆ ಗಾಡಿ ಅಡ್ಡ ನಿಲ್ಲಿಸುವುದು, ಕೇಳದೆ ಒಳಗೆ ನುಗ್ಗುವುದು, ಜಗಲಿಯಲ್ಲಿ ಕೂತವರ ಫೋಟೊ ಹೊಡೆಯುವುದು ಬೇಡ.

ದೀಪಾವಳಿಯ ಸಮಯಕ್ಕೆ ಬರುವವರು ಹತ್ತಿರದ ಗುಮಟಾಪುರದ ಗೊರೆಹಬ್ಬ ನೋಡಬಹುದು. ಬಲಿಪಾಡ್ಯಮಿಯ ಮಾರನೆಯ ದಿನ ಊರ ಗಂಡಸರು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿದ ಸಗಣಿಯನ್ನು ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಹರಕೆ, ನಂಬಿಕೆ, ಆಟ ಎಲ್ಲ ಸೇರಿದ ಹಬ್ಬ. ಎರಡೂ ರಾಜ್ಯದ ಜನ ಸೇರುವುದರಿಂದ ಆ ದಿನ ಹಳ್ಳಿಯ ರಸ್ತೆ ಕಿಕ್ಕಿರಿದಿರುತ್ತದೆ. ಕಾರನ್ನು ದೂರವೇ ನಿಲ್ಲಿಸಿ, ಹಳೆಯ ಬಟ್ಟೆ ಹಾಕಿಕೊಂಡು ನಡೆದು ಹೋಗಿ.

ತಾಳವಾಡಿಯಿಂದ ತಲಮಲೆಯ ಮೂಲಕ ದಿಂಬಂಗೆ ಹೋಗುವ ಇನ್ನೊಂದು ರಸ್ತೆಯನ್ನು ನಕ್ಷೆ ನಿಮಗೆ ತೋರಿಸೀತು. ಅದು ಕಿರಿದು, ಪೂರ್ತಿ ಕಾಡಿನೊಳಗಿನದು, ಕೆಟ್ಟು ನಿಂತರೆ ಸಹಾಯಕ್ಕೆ ಯಾರೂ ಸಿಗುವುದಿಲ್ಲ. ಹೊಸಬರು ಆ ದಾರಿ ಹಿಡಿಯಬೇಡಿ.

ಹಂತ 3: ಕಾರಪಳ್ಳದಿಂದ ಹಾಸನೂರು

ಪುಣಜನೂರಿನಲ್ಲಿ ಕರ್ನಾಟಕದ ಚೆಕ್ ಪೋಸ್ಟು, ಗಡಿ ದಾಟಿದರೆ ಕಾರಪಳ್ಳದಲ್ಲಿ ತಮಿಳುನಾಡಿನದು. ಗಾಡಿ ನಂಬರು ಬರೆದುಕೊಳ್ಳುತ್ತಾರೆ, ಶುಲ್ಕ ಕೇಳಿದರೆ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಶೌಚಕ್ಕೆ ಹೋಗುವವರು ಇಲ್ಲಿ ಅಥವಾ ಹಾಸನೂರಿನಲ್ಲಿ ಮುಗಿಸಿಕೊಳ್ಳಿ. ನಡುವೆ ಪೊದೆಯ ಮರೆಗೆ ಇಳಿಯುವ ಯೋಚನೆಯೇ ಬೇಡ.

ಕಾರಪಳ್ಳದ ಸುತ್ತಮುತ್ತ ಆನೆ ಕಾಣುವುದು ಅಪರೂಪವಲ್ಲ. ಕಾರಣ ಕಬ್ಬು. ತಾಳವಾಡಿ ಕಡೆಯ ಕಬ್ಬಿನ ಲಾರಿಗಳು ಸತ್ಯಮಂಗಲದ ಕಡೆ ಹೋಗುವುದು ಇದೇ ದಾರಿಯಲ್ಲಿ. ಹೊರೆ ಎತ್ತರವಿದ್ದರೆ ಚೆಕ್ ಪೋಸ್ಟಿನ ಕಮಾನಿಗೆ ತಾಗಿ ಜಲ್ಲೆ ಉದುರುತ್ತವೆ, ಕೆಲವರು ಬೇಕೆಂದೇ ಎಸೆಯುತ್ತಾರೆ. ರುಚಿ ಕಂಡ ಆನೆ ಮರಿ ಸಮೇತ ರಸ್ತೆ ಬದಿಗೆ ಬಂದು ಕಾಯುತ್ತದೆ. ಲಾರಿ ನಿಂತಿತೋ, ಸೊಂಡಿಲು ನೇರ ಹೊರೆಗೆ. ಒಂದು ಜಲ್ಲೆ ಎಳೆದು, ಕಾಲಿನಡಿ ಮೆಟ್ಟಿ ಮುರಿದು, ಮಣ್ಣು ಒದರಿ ಬಾಯಿಗಿಟ್ಟುಕೊಳ್ಳುವುದನ್ನು ನೋಡಿದವರಿಗೆ ಇದು ಸಾಧುಪ್ರಾಣಿ ಎನಿಸಿಬಿಡುತ್ತದೆ. ಅಪಾಯ ಇರುವುದೇ ಅಲ್ಲಿ. ಅದೇ ಆನೆಗೆ ಮರಿಯ ಹತ್ತಿರ ಒಂದು ಕಾರು ಬಂದಿತೆಂದರೆ ಓಡಿಸಿಕೊಂಡು ಬರಲು ಅರೆಗಳಿಗೆ ಸಾಕು.

ಆನೆ ಕಂಡಾಗ ಮಾಡಬೇಕಾದದ್ದು:

ನೂರು ಮೀಟರ್ ಹಿಂದೆಯೇ ನಿಲ್ಲಿಸಿ. ಎಂಜಿನ್ ಆರಿಸಬೇಡಿ, ಹಾರ್ನ್ ಹೊಡೆಯಬೇಡಿ, ಹೈಬೀಮ್ ಹಾಕಬೇಡಿ. ಕಿಟಕಿ ಏರಿಸಿ, ಯಾರೂ ಇಳಿಯಬಾರದು. ಅದು ದಾಟುವವರೆಗೆ ಕಾಯಿರಿ. ಒಂದು ದಾಟಿದ ಕೂಡಲೇ ಹೊರಡಬೇಡಿ, ಹಿಂದೆ ಮರಿಯೋ ಇನ್ನೊಂದು ಹೆಣ್ಣಾನೆಯೋ ಇದ್ದೇ ಇರುತ್ತದೆ. ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮತ್ತಲೇ ತಿರುಗಿದರೆ ಅದು ಎಚ್ಚರಿಕೆ. ಆಗ ಮೆಲ್ಲಗೆ, ನೇರವಾಗಿ ರಿವರ್ಸ್ ತೆಗೆಯಿರಿ. ಗಾಬರಿಯಲ್ಲಿ ರಸ್ತೆಗೆ ಅಡ್ಡಲಾಗಿ ಕಾರು ತಿರುಗಿಸಲು ಹೋದರೆ ಸಿಕ್ಕಿಕೊಳ್ಳುತ್ತೀರಿ. ಒಂಟಿ ಸಲಗವಾದರೆ, ಕಣ್ಣು ಕಿವಿಯ ನಡುವೆ ಮದ ಸುರಿದ ಕಪ್ಪು ಗೆರೆ ಕಂಡರೆ, ಇನ್ನೂ ದೂರ ಹಿಂದೆ ಸರಿಯಿರಿ. ಮುಂದಿರುವ ಬಸ್ಸು ನಿಂತಿದ್ದರೆ ಅದನ್ನು ಹಿಂದಿಕ್ಕಿ ನೋಡಲು ಹೋಗಬೇಡಿ. ಬಸ್ಸಿನ ಚಾಲಕರಿಗೆ ಇಲ್ಲಿನ ಆನೆಗಳ ಸ್ವಭಾವ ನಿಮಗಿಂತ ಚೆನ್ನಾಗಿ ಗೊತ್ತು, ಅವರು ಹೊರಟ ಮೇಲೆ ಹಿಂದೆಯೇ ಹೋಗಿ.

ಕೋತಿಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವವರ ಬಗ್ಗೆ ನನಗೆ ನಿಜಕ್ಕೂ ಕೋಪವಿದೆ. ನೀವು ಎಸೆದ ಒಂದು ಹಣ್ಣಿಗೆ ಕೋತಿ ರಸ್ತೆಗೆ ಇಳಿಯುತ್ತದೆ, ಹಿಂದೆ ಬರುವ ಲಾರಿಯ ಗಾಲಿಗೆ ಸಿಗುತ್ತದೆ. ದಯವಿಟ್ಟು ಬೇಡ. ಅದು ಕಾನೂನಿನ ಪ್ರಕಾರವೂ ತಪ್ಪು.

ಹಾಸನೂರು ಈ ದಾರಿಯ ನಡುವಿನ ಊರು. ಚಹಾ, ಊಟಕ್ಕೆ ಸಣ್ಣ ಹೋಟೆಲುಗಳಿವೆ. ಇಲ್ಲಿಯೂ ಕನ್ನಡ ನಡೆಯುತ್ತದೆ. ಸುತ್ತಲ ಬೆಟ್ಟದ ಹಾಡಿಗಳಲ್ಲಿ ಸೋಲಿಗರು, ಊರಾಳಿಗರು ಇದ್ದಾರೆ. ಜೇನು, ಸೀಗೆಕಾಯಿ, ನೆಲ್ಲಿಕಾಯಿಯಂತಹ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು ಅವರ ಹಳೆಯ ಕಸುಬು. ಒಳ್ಳೆಯ ಜೇನು ಸಿಕ್ಕರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ. ಹಾಡಿಗಳನ್ನು ನೋಡಿಬರೋಣ ಎಂದು ಕಾರು ಒಳಗೆ ತಿರುಗಿಸಬೇಡಿ.

ಹಾಸನೂರಿನಿಂದ ಎಡಕ್ಕೆ ಹೊರಡುವ ರಸ್ತೆ ಗೇರ್‌ಮಾಳ, ಒಡೆಯರಪಾಳ್ಯ ಮುಟ್ಟಿ ಕೊಳ್ಳೇಗಾಲಕ್ಕೆ ಹೋಗುತ್ತದೆ. ಒಡೆಯರಪಾಳ್ಯದಲ್ಲಿ ಟಿಬೆಟನ್ನರ ದೊಡ್ಡ ವಸತಿ ಇದೆ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ, ಈ ದಿನಕ್ಕೆ ಸೇರಿಸಿದರೆ ಎರಡೂ ಕೆಡುತ್ತದೆ.

ಹಂತ 4: ದಿಂಬಂ

ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರ. ನಾಲ್ಕಾರು ಅಂಗಡಿ, ಚೆಕ್ ಪೋಸ್ಟು, ಗಾಳಿ, ಮಂಜು. ಘಾಟಿಗೆ ಇಳಿಯುವ ಮುಂಚೆ ಹತ್ತು ನಿಮಿಷ ನಿಲ್ಲಲೇಬೇಕಾದ ಜಾಗ ಇದು. ಕಾರು ತಣ್ಣಗಾಗಲಿ, ಮಕ್ಕಳು ಇಳಿದು ಕೈಕಾಲು ಆಡಿಸಲಿ. ಆಕಾಶ ತಿಳಿಯಾಗಿದ್ದರೆ ಈ ಎತ್ತರದಿಂದ ಕೆಳಗೆ ಭವಾನಿಸಾಗರ ಅಣೆಕಟ್ಟಿನ ನೀರು, ಪಡುವಣಕ್ಕೆ ನೀಲಗಿರಿಯ ಗೋಡೆ ಕಾಣುತ್ತದೆ.

ಆ ಕೆಳಗಿನ ಕಣಿವೆಯಲ್ಲಿ ಹರಿಯುವುದು ಮೋಯಾರ್ ನದಿ. ನೀಲಗಿರಿಯಿಂದ ಬಂದು ಬಂಡೀಪುರ, ಮುದುಮಲೆಗಳ ನಡುವೆ ಆಳ ಕೊರಕಲಿನಲ್ಲಿ ಹರಿದು ಭವಾನಿಸಾಗರದಲ್ಲಿ ಭವಾನಿಯನ್ನು ಕೂಡುತ್ತದೆ. ಈ ಕಣಿವೆ ಮೇಲಿನ ಕಾಡಿನ ಹಾಗಲ್ಲ. ಮಳೆ ಕಡಿಮೆ, ಮುಳ್ಳುಕುರುಚಲು. ಕೃಷ್ಣಮೃಗಗಳ ದೊಡ್ಡ ಹಿಂಡುಗಳು, ಕತ್ತೆಕಿರುಬ ಇಲ್ಲಿವೆ. ನಮ್ಮ ದಕ್ಷಿಣದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಗೂಡು ಕಟ್ಟಿ ಉಳಿದುಕೊಂಡಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು ದೇಶದಾದ್ಯಂತ ಈ ಹಕ್ಕಿಗಳು ಸತ್ತವು. ಬೆಟ್ಟದ ಮೇಲಿನಿಂದ ಆಕಾಶದಲ್ಲಿ ರೆಕ್ಕೆ ಬಡಿಯದೆ ತೇಲುವ ದೊಡ್ಡ ಕಪ್ಪು ಹಕ್ಕಿ ಕಂಡರೆ ದುರ್ಬೀನು ತೆಗೆದು ನೋಡಿ.

ಮೈಸೂರು ಸೀಮೆಯಿಂದ ಕೊಂಗುನಾಡಿಗೆ, ಅಂದರೆ ಕೊಯಮತ್ತೂರು, ಈರೋಡಿನ ಸೀಮೆಗೆ, ದಂಡು ಇಳಿಯುತ್ತಿದ್ದದ್ದೂ ಈ ಕಣಿವೆಯ ಗಜ್ಜಲಹಟ್ಟಿ ದಾರಿಯಿಂದ. ದಿಂಬಂನ ಪಶ್ಚಿಮಕ್ಕಿರುವ ಆ ಇಳಿಜಾರನ್ನು ಹೈದರನ ಸೈನ್ಯವೂ ಬಳಸಿತು, ಟಿಪ್ಪುವಿನದೂ ಬಳಸಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ಸೆಪ್ಟೆಂಬರಿನಲ್ಲಿ, ಟಿಪ್ಪು ಅಲ್ಲಿಂದಿಳಿದು ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದ ಕರ್ನಲ್ ಫ್ಲಾಯ್ಡನ ಇಂಗ್ಲಿಷ್ ಪಡೆಯನ್ನು ಹಿಂದಕ್ಕೆ ಸರಿಯುವಂತೆ ಮಾಡಿದ. ಈಗ ಗಜ್ಜಲಹಟ್ಟಿ ಹುಲಿ ಮೀಸಲಿನ ಒಳಗಿದೆ, ನಮಗೆ ಪ್ರವೇಶವಿಲ್ಲ. ದಿಂಬಂನಲ್ಲಿ ನಿಂತು ಆ ಇಳಿಜಾರುಗಳನ್ನು ನೋಡಿ: ಎತ್ತು, ಫಿರಂಗಿ, ಕುದುರೆಗಳನ್ನು ಇಂತಹ ಬೆಟ್ಟದಿಂದ ಇಳಿಸಿದ್ದಾರೆ ಎಂದು ಓದುವುದಕ್ಕೂ ಬೆಟ್ಟವನ್ನು ಎದುರಿಗಿಟ್ಟುಕೊಂಡು ಯೋಚಿಸುವುದಕ್ಕೂ ವ್ಯತ್ಯಾಸವಿದೆ.

ದಟ್ಟ ಮಂಜಿದ್ದರೆ ಇಲ್ಲೇ ಕಾಯಿರಿ. ಬೆಳಿಗ್ಗೆ ಹತ್ತರ ಮೇಲೆ ಸಾಮಾನ್ಯವಾಗಿ ಬಿಡುತ್ತದೆ.

ಹಂತ 5: ಇಪ್ಪತ್ತೇಳು ತಿರುವುಗಳು

ದಿಂಬಂನಿಂದ ಬಣ್ಣಾರಿಗೆ ಹದಿಮೂರು ಹದಿನಾಲ್ಕು ಕಿಲೋಮೀಟರಿನಲ್ಲಿ ಏಳೆಂಟುನೂರು ಮೀಟರ್ ಇಳಿಯುತ್ತೀರಿ. 27 ಹೇರ್‌ಪಿನ್ ತಿರುವುಗಳು. ಹೇರ್‌ಪಿನ್ ಎಂದರೆ ರಸ್ತೆ ಬಂದ ದಿಕ್ಕಿಗೇ ಮಡಚಿಕೊಂಡು ತಿರುಗುವ ಕಡಿದಾದ ತಿರುವು. ಪ್ರತಿಯೊಂದಕ್ಕೂ ನಂಬರಿನ ಬೋರ್ಡಿದೆ. ಎಣಿಕೆ ಕೆಳಗಿನಿಂದ ಶುರುವಾಗುವುದರಿಂದ ಇಳಿಯುವವರಿಗೆ 27 ಮೊದಲು ಸಿಗುತ್ತದೆ. ಏನಾದರೂ ತೊಂದರೆಯಾದರೆ ಎಷ್ಟನೇ ತಿರುವು ಎಂದು ಹೇಳಿದರೆ ಸಾಕು, ಸಹಾಯಕ್ಕೆ ಬರುವವರಿಗೆ ಗೊತ್ತಾಗುತ್ತದೆ. ಆದ್ದರಿಂದ ಪಕ್ಕದಲ್ಲಿ ಕೂತವರು ನಂಬರು ನೋಡುತ್ತಿರಲಿ.

ಗೇರು. ಶುರುವಿನಿಂದಲೇ ಎರಡನೇ ಗೇರಿಗೆ ಹಾಕಿ, ಹೇರ್‌ಪಿನ್ನಿನಲ್ಲಿ ಬೇಕಾದರೆ ಒಂದನೇ ಗೇರು. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಇದಕ್ಕೆ ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿ ಬಿಡುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಇಲ್ಲಿ ಅದು ಪ್ರಾಣಕ್ಕೇ ಕುತ್ತು. ಆಟೊಮ್ಯಾಟಿಕ್ ಕಾರಿನವರು ಡಿ ಬಿಟ್ಟು ಎಲ್‌ಗೋ ಮ್ಯಾನುಯಲ್ ಮೋಡಿಗೋ ಬನ್ನಿ. ಹೊರಡುವ ಮುಂಚೆ ಮನೆಯ ಹತ್ತಿರ ಯಾವುದಾದರೂ ಇಳಿಜಾರಿನಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ.

ಬ್ರೇಕು. ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಒತ್ತಿ ವೇಗ ಇಳಿಸಿ, ಬಿಡಿ, ತಿರುಗಿ. ಒಂದೇ ಸಮ ಒತ್ತಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಇದನ್ನೇ ಬ್ರೇಕ್ ಫೇಡ್ ಎನ್ನುವುದು. ಮೊದಲ ಸೂಚನೆ ವಾಸನೆ: ಸುಟ್ಟ ರಬ್ಬರಿನಂಥ ಘಾಟು ವಾಸನೆ ಮೂಗಿಗೆ ಬಡಿಯುತ್ತದೆ. ಅದು ಮುಂದಿನ ಲಾರಿಯದ್ದೂ ಆಗಿರಬಹುದು, ಆದರೆ ನಿಮ್ಮದೇ ಎಂದು ತಿಳಿದು ನಡೆದುಕೊಳ್ಳಿ. ಎರಡನೇ ಸೂಚನೆ, ಪೆಡಲ್ ಮೆತ್ತಗಾಗಿ ಮಾಮೂಲಿಗಿಂತ ಕೆಳಗೆ ಹೋಗುವುದು. ಘಾಟಿಯಲ್ಲಿ ನಿಲ್ಲಬೇಡಿ ಎಂದೆನಲ್ಲ, ಅದಕ್ಕೆ ಇದೊಂದೇ ವಿನಾಯಿತಿ. ಗೇರು ಇಳಿಸಿ, ನೇರ ರಸ್ತೆಯ ಅಗಲ ಜಾಗದಲ್ಲಿ ಎಡಕ್ಕೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಗಾಡಿಯ ಒಳಗೇ ಕೂತು ಅರ್ಧ ಗಂಟೆ ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಬಾಗುತ್ತದೆ.

ಲಾರಿ, ಬಸ್ಸು. ಉದ್ದ ಗಾಡಿಗೆ ಹೇರ್‌ಪಿನ್ ತಿರುಗಲು ಪೂರ್ತಿ ರಸ್ತೆ ಬೇಕು. ಕೆಳಗಿನಿಂದ ಲಾರಿ ಬರುವುದು ಕಂಡರೆ ತಿರುವಿಗೆ ಮೂವತ್ತು ನಲವತ್ತು ಅಡಿ ಮೇಲೆಯೇ ನಿಂತು ದಾರಿ ಬಿಡಿ. ಹತ್ತುವ ಗಾಡಿಗೆ ಮೊದಲ ಹಕ್ಕು ಎನ್ನುವುದು ನಿಯಮ, ಅದಕ್ಕೆ ಕಾರಣವೂ ಇದೆ: ಭಾರ ಹೊತ್ತು ಏರಿನಲ್ಲಿ ನಿಂತ ಲಾರಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು, ಲಾರಿ ತಿರುಗುತ್ತಿರುವಾಗ ಅದರ ಒಳಮಗ್ಗುಲಿಗೆ ಕಾರು ತೂರಿಸುವುದು. ಲಾರಿಯ ಮೂತಿ ಹೊರಗೆ ಹೋದರೂ ಹಿಂದಿನ ಗಾಲಿಗಳು ಒಳಕ್ಕೇ ಕತ್ತರಿಸಿಕೊಂಡು ಬರುತ್ತವೆ. ಹತ್ತುವ ಲಾರಿ ನಿಂತಿದ್ದರೆ ಅದರ ಹಿಂದೆ ಅಂಟಿಕೊಂಡು ನಿಲ್ಲುವುದೂ ಅಷ್ಟೇ ಅಪಾಯ.

ಕುರುಡು ತಿರುವಿನಲ್ಲಿ ಸಣ್ಣದೊಂದು ಹಾರ್ನ್ ಸಾಕು. ಹಿಂದಿಕ್ಕುವ ಆತುರ ಬೇಡ. ಜಾಮ್ ಆದರೆ ಸಾಲಿನಲ್ಲೇ ನಿಲ್ಲಿ. ಎರಡನೇ ಸಾಲು ಮಾಡಿ ನುಗ್ಗಿದರೆ ಎದುರಿನಿಂದ ಕ್ರೇನು ಬರಲು ಜಾಗವಿಲ್ಲದೆ ಎಲ್ಲರೂ ಕೂರಬೇಕು.

ಫೋಟೊ? ಪಕ್ಕದವರು ಕಿಟಕಿ ಮುಚ್ಚಿಕೊಂಡೇ ತೆಗೆಯಲಿ. ತಿರುವಿನ ತಡೆಗೋಡೆಯ ಮೇಲೆ ಹತ್ತಿ ಸೆಲ್ಫಿ ತೆಗೆಯುವವರನ್ನು ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಆಚೆ ಪ್ರಪಾತ, ಈಚೆ ಲಾರಿ, ಹಿಂದಿನ ಪೊದೆಯಲ್ಲಿ ಚಿರತೆ ಇದ್ದರೂ ನಿಮಗೆ ಕಾಣುವುದಿಲ್ಲ. ಡ್ರೋನ್ ಹಾರಿಸಲು ಅನುಮತಿಯಿಲ್ಲ.

ಇಳಿಯುತ್ತಾ ಕಾಡು ಬದಲಾಗುವುದನ್ನು ಗಮನಿಸಿ. ಮೇಲೆ ಬಿದಿರು, ಹೊನ್ನೆ, ದಿಂಡಲು. ಅರ್ಧ ಇಳಿದ ಮೇಲೆ ಮರ ಕುಳ್ಳಾಗುತ್ತದೆ, ಸೆಕೆ ಏರುತ್ತದೆ, ಕೊನೆಯ ನಾಲ್ಕೈದು ತಿರುವುಗಳಲ್ಲಿ ಬರೀ ಜಾಲಿ, ಮುಳ್ಳುಕಂಟಿ. ಒಂದೇ ಗಂಟೆಯೊಳಗೆ ಸ್ವೆಟರ್ ತೆಗೆದು ಬೆವರು ಒರೆಸಿಕೊಳ್ಳುತ್ತೀರಿ.

ಹಂತ 6: ಬಣ್ಣಾರಿ

ಘಾಟಿ ಮುಗಿದು ಸ್ವಲ್ಪ ದೂರಕ್ಕೇ ಬಣ್ಣಾರಿ ಅಮ್ಮನ ಗುಡಿ. ಮೈಸೂರು, ಚಾಮರಾಜನಗರ ಸೀಮೆಯ ಎಷ್ಟೋ ಮನೆಗಳು ಈ ಅಮ್ಮನಿಗೆ ನಡೆದುಕೊಳ್ಳುತ್ತವೆ. ಹಸುವೊಂದು ದಿನಾ ವೇಂಗೈ ಮರದಡಿ, ಅಂದರೆ ನಮ್ಮ ಹೊನ್ನೆ ಮರದಡಿ, ಹಾಲು ಸುರಿಸುತ್ತಿದ್ದ ಜಾಗದಲ್ಲಿ ಅಮ್ಮ ಸಿಕ್ಕಳು ಎನ್ನುವುದು ಕಥೆ. ಇಲ್ಲಿ ಪ್ರಸಾದವಾಗಿ ಕೊಡುವುದು ವಿಭೂತಿಯಲ್ಲ, ಹುತ್ತದ ಮಣ್ಣು. ಬೆರಳಿಗೆ ನುಣ್ಣಗೆ ಹತ್ತುವ ಆ ಕೆಮ್ಮಣ್ಣನ್ನು ಹಣೆಗಿಟ್ಟುಕೊಂಡು, ಉಳಿದದ್ದನ್ನು ಕಾಗದದಲ್ಲಿ ಮಡಚಿ ಗಾಡಿಯಲ್ಲಿಟ್ಟುಕೊಳ್ಳುವ ಚಾಲಕರನ್ನು ನೋಡುತ್ತೀರಿ. ಪಂಗುನಿ ತಿಂಗಳ ಕುಂಡದ ಹಬ್ಬಕ್ಕೆ, ಅಂದರೆ ಮಾರ್ಚ್ ಏಪ್ರಿಲ್ ನಡುವಿನ ಕೆಂಡ ಹಾಯುವ ಜಾತ್ರೆಗೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಜಾತ್ರೆಗೇ ಬರುವವರಲ್ಲದಿದ್ದರೆ ಆ ವಾರ ಈ ರಸ್ತೆ ಬಿಟ್ಟುಬಿಡಿ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗಳಂದೂ ಗದ್ದಲವೇ.

ಗುಡಿಯ ಬಳಿ ನಿಲ್ಲಿಸಿದಾಗ ಗಾಲಿಗಳ ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ. ಕಾವು ತುಂಬಾ ಇದ್ದರೆ ನೀವು ಬ್ರೇಕಿನ ಮೇಲೇ ಇಳಿದಿದ್ದೀರಿ ಎಂದು ಅರ್ಥ.

ಹಂತ 7: ಭವಾನಿಸಾಗರ, ಸತ್ಯಮಂಗಲ

ಹೊತ್ತು ಒಂದು ಗಂಟೆಯೊಳಗಿದ್ದರೆ ಮಾತ್ರ ಭವಾನಿಸಾಗರಕ್ಕೆ ಹೋಗಿ. 1948ರಲ್ಲಿ ಶುರುವಾಗಿ 1955ರಲ್ಲಿ ಮುಗಿದ, ಎಂಟು ಕಿಲೋಮೀಟರಿಗೂ ಉದ್ದದ ಮಣ್ಣಿನ ಅಣೆಕಟ್ಟು. ಕೆಳಗಿನ ಉದ್ಯಾನದಲ್ಲಿ ಊಟದ ಬುತ್ತಿ ಬಿಚ್ಚಬಹುದು. ನೀರಿನ ಕೆಳಗೆ ದಣ್ಣಾಯಕನ ಕೋಟೆ ಮುಳುಗಿದೆ. ಮೋಯಾರ್, ಭವಾನಿ ಕೂಡುವಲ್ಲಿ ಹೊಯ್ಸಳರ ದಣ್ಣಾಯಕರು ಕಾವಲಿದ್ದ ಕೋಟೆ ಅದು. ದಣ್ಣಾಯಕ ಎಂದರೆ ದಂಡಿನ ನಾಯಕ. ಬರಗಾಲದಲ್ಲಿ ನೀರು ತೀರಾ ತಗ್ಗಿದಾಗ ಒಳಗಿನ ಹಳೆಯ ಕಲ್ಲುಗುಡಿ ಮೇಲೆ ಕಾಣುತ್ತದೆ.

ಸತ್ಯಮಂಗಲ ಭವಾನಿ ದಂಡೆಯ ಊರು. ಇಲ್ಲಿಯ ಮಲ್ಲಿಗೆಗೆ ಹೆಸರಿದೆ, ಸುತ್ತಲ ಹಳ್ಳಿಗಳಿಂದ ಬಂದ ಹೂವು ಪೇಟೆಯಲ್ಲಿ ಹರಾಜಾಗುತ್ತದೆ. ಮದುವೆಯ ಕಾಲದಲ್ಲಿ ಬೆಲೆ ಕೇಳಿದರೆ ಗಾಬರಿಯಾಗಬೇಡಿ.

ಹಂತ 8: ವಾಪಸ್ ಹತ್ತುವುದು

ಅದೇ ದಿನ ಮರಳುವವರು ಮೂರೂವರೆಗೆಲ್ಲ ಬಣ್ಣಾರಿ ಚೆಕ್ ಪೋಸ್ಟು ದಾಟಿರಬೇಕು. ನಾಲ್ಕೂವರೆಗೆ ದಿಂಬಂ, ಐದೂವರೆಗೆ ಕಾರಪಳ್ಳದ ಆಚೆ. ಹತ್ತುವಾಗ ಎಸಿ ಆರಿಸಿ, ತಾಪಮಾನದ ಮುಳ್ಳು ನೋಡುತ್ತಿರಿ. ಹೇರ್‌ಪಿನ್ನಿಗೆ ಮೊದಲೇ ಒಂದನೇ ಗೇರಿಗೆ ಬನ್ನಿ, ತಿರುವಿನ ನಡುವೆ ಗೇರು ಬದಲಿಸಲು ಹೋಗಿ ಎಂಜಿನ್ ಆಫ್ ಆದರೆ ಹಿಂದಕ್ಕೆ ಜಾರುತ್ತೀರಿ. ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಹಿಡಿತ ಸಿಕ್ಕ ಮೇಲೆ ಬಿಡಿ. ಕ್ಲಚ್ ಮೇಲೆಯೇ ಕಾರನ್ನು ತೂಗಿಸಿ ನಿಲ್ಲಿಸಿದರೆ ಪ್ಲೇಟು ಸುಟ್ಟು ಅಲ್ಲೇ ಕೂರುತ್ತದೆ.

ನಾಲ್ಕು ಗಂಟೆಯಾದರೂ ನೀವಿನ್ನೂ ಭವಾನಿಸಾಗರದಲ್ಲಿದ್ದರೆ ಘಾಟಿಯ ಯೋಚನೆ ಬಿಟ್ಟು ಸತ್ಯಮಂಗಲದಲ್ಲಿ ರೂಮು ಮಾಡಿ. ಬೆಳಿಗ್ಗೆ ಆರಕ್ಕೆ ಗೇಟು ತೆಗೆದಾಗ ಮೊದಲು ಲಾರಿಗಳ ಸಾಲು ಹೊರಡುತ್ತದೆ. ಅದರ ಹಿಂದೆ ಬೀಳದೆ ಏಳೂವರೆಗೆ ಹತ್ತಿ.